‘ಗಣ್ಯರು’ ಎಂಬ ಶಬ್ದದವರಿಗೆ, ನಮ್ಮ ಹಲಗೆಗಳ ಕುರಿತು

ಇವರಿಗೆ,
ಶ್ರೀಮದ್ ‘ಗಣ್ಯರು’ ಎಂಬ ಶಬ್ದದವರು,
ಕಾಯಂ ವಾಸ: ಆಮಂತ್ರಣ ಪತ್ರಿಕೆಯ ತಳಭಾಗ,
ಹಾಲಿ ವಸ್ತಿ: ಮೈಕಿನ ಬಾಯಿ,
ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ತಾಲೂಕು.

ಇವರಿಂದ,
ಅಂಬಪ್ಪ, ಗೊರೇಬಾಳದ ಆಚೆ ಕಾಲುವೆ ದಂಡೆಯ ಊರಿನವನು, ಏಳನೆಯ ತರಗತಿ ಪಾಸು (ಒಂದೇ ಏಟಿಗೆ).

ವಿಷಯ: ತಾವು ನಮ್ಮೂರಿಗೆ ದಯಮಾಡಿಸಿದ ದಿನ ನಡೆದ ಅನಾಹುತ ಹಾಗೂ ಅಂದಿನಿಂದ ನನ್ನ ಮಾನ ನೆಲದ ಮೇಲೆ ನಿಂತಿರುವ ಬಗ್ಗೆ.

ಮಾನ್ಯರೇ,

ಈ ಪತ್ರ ಮುಟ್ಟುವ ಹೊತ್ತಿಗೆ ತಾವು ನಾಲ್ಕಾರು ಮದುವೆ ಕಾರ್ಡು, ಒಂದು ಮೊಬೈಲ್ ಅಂಗಡಿಯ ಉದ್ಘಾಟನೆ ಮತ್ತು ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಮುಗಿಸಿ ದಣಿದಿರುತ್ತೀರೆಂದು ಬಲ್ಲೆ. ಒಂದೇ ದಿನ ಅಷ್ಟು ಕಡೆ ಹಾಜರಿರುವುದು ದೇವರಿಗೂ ಕಷ್ಟದ ಕೆಲಸ. ತಾವು ಬೆವರೂ ಬಿಡದೆ ಮಾಡುತ್ತೀರಿ. ಆದ್ದರಿಂದ ಮೊದಲು ನನ್ನ ನಮಸ್ಕಾರ, ಆಮೇಲೆ ನನ್ನ ಮನೆಯಾಕೆ ಪಾರ್ವತೆಮ್ಮಳ ನಮಸ್ಕಾರ, ಕೊನೆಗೆ ನಮ್ಮ ಎಮ್ಮೆಯದೂ ಒಂದಿರಲಿ. ತಮ್ಮ ದೆಸೆಯಿಂದ ಆ ಸಂಜೆ ಅದಕ್ಕೆ ಹುಲ್ಲು ಬಿದ್ದಿರಲಿಲ್ಲ.

ತಮ್ಮ ಕುಲಗೋತ್ರ ತಿಳಿಯದೆ ಬರೆಯುತ್ತಿದ್ದಾನೆ ಎಂದು ದಯವಿಟ್ಟು ಭಾವಿಸಬಾರದು. ಲಿಂಗಸುಗೂರಿಗೆ ಹೋದಾಗ ಗ್ರಂಥಾಲಯ ಹೊಕ್ಕು, ಮೇಲಿನ ಗೂಡಿನಲ್ಲಿದ್ದ ದಪ್ಪ ನಿಘಂಟು ಇಳಿಸಿ, ಧೂಳು ಹೊಡೆದು ನೋಡಿದವನು ನಾನು. ಗಣ್ಯ ಎಂದರೆ ಎಣಿಕೆಗೆ ತೆಗೆದುಕೊಳ್ಳತಕ್ಕವನು ಎಂದು ಅದರಲ್ಲಿ ಬರೆದಿತ್ತು. ಓದಿದ ಕೂಡಲೇ ಎದೆ ಉಬ್ಬಿತು. ಜನಗಣತಿಯವರು ಬಂದಾಗ ನನ್ನನ್ನು ಎಣಿಸಿಕೊಂಡೇ ಹೋಗಿದ್ದರಲ್ಲ! ಆದರೆ ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಹೊಳೆಯಿತು: ಪುಸ್ತಕದಲ್ಲಿ ತಮ್ಮ ಅರ್ಥ ಒಂದು, ಊರಿನಲ್ಲಿ ತಮ್ಮ ನಡತೆ ಇನ್ನೊಂದು. ನಮ್ಮ ಕಡೆ ಗಣ್ಯರೆಂದರೆ ಯಾರ ಕುರ್ಚಿಗೆ ಬಿಳಿ ಬಟ್ಟೆ ತೊಡಿಸಿರುತ್ತಾರೋ ಅವರು. ಯಾರಿಗೆ ಚಹಾ ಪ್ಲಾಸ್ಟಿಕ್ ಕಪ್ಪಿನಲ್ಲಿ ಬಾರದೆ ಪಿಂಗಾಣಿ ಕಪ್ಪು-ಬಸಿ ಸಮೇತ ಬರುತ್ತದೋ ಅವರು. ಎಷ್ಟು ತಡವಾಗಿ ಬಂದರೂ ಬೈಸಿಕೊಳ್ಳದೆ ‘ತಮ್ಮ ಬಿಡುವಿಲ್ಲದ ಕೆಲಸಗಳ ನಡುವೆಯೂ’ ಎಂದು ಹೊಗಳಿಸಿಕೊಳ್ಳುವವರು ಯಾರೋ ಅವರು.

ತಮ್ಮ ಮನೆತನವೂ ನನಗೆ ಗೊತ್ತು. ತಮ್ಮ ಹಿರಿಯಣ್ಣ ‘ಗಣ್ಯಾತಿಗಣ್ಯರು’. ಅವರು ಬಂದರೆ ಪೊಲೀಸರು ನಮ್ಮ ಸೈಕಲ್ಲುಗಳನ್ನು ಎತ್ತಿ ಗಟಾರಕ್ಕೆ ಹಾಕುತ್ತಾರೆ. ಪಟ್ಟಣದಲ್ಲಿ ತಮಗೊಬ್ಬ ದಾಯಾದಿ ಇದ್ದಾನೆ, ‘ಸೆಲೆಬ್ರಿಟಿ’ ಎಂಬ ಹೆಸರಿನವನು. ಸಿಂಧನೂರಿಗೆ ಬಂಗಾರದ ಅಂಗಡಿಯ ರಿಬ್ಬನ್ ಕತ್ತರಿಸಲು ಬಂದು, ಕಪ್ಪು ಕನ್ನಡಕ ತೆಗೆಯದೆ ಹೋಗಿಬಿಟ್ಟ. ಇನ್ನು ತಮ್ಮ ಬಡ ತಮ್ಮ ‘ಮತ್ತಿತರರು’. ಪೇಪರಿನ ಸುದ್ದಿಯ ಕೊನೆಯ ಸಾಲಿನಲ್ಲಿ, ಜಾಗ ಸಾಲದೆ ಕಾಲು ಮಡಚಿಕೊಂಡು ಮಲಗುವ ಆ ಪಾಪದವನು. ಮಾನ್ಯರೇ, ಹೇಳಲು ಹೆಮ್ಮೆಯಾಗುತ್ತದೆ, ನಾನು ಬಹುಕಾಲದಿಂದ ಬಿಡಾರ ಹೂಡಿರುವುದು ಅವನ ಮನೆಯಲ್ಲೇ. ನಮ್ಮ ಭಾಗದ ಯಾವ ಸಮಾರಂಭದ ಸುದ್ದಿ ಬೇಕಾದರೂ ತೆಗೆದು ನೋಡಿ. ‘ಮತ್ತಿತರರು ಇದ್ದರು’ ಎಂದು ಇದ್ದಲ್ಲೆಲ್ಲ ನಾನೇ ಇದ್ದೆ.

ಈಗ ದೂರಿಗೆ ಬರುತ್ತೇನೆ.

ನಮ್ಮೂರಿಗೆ ಈ ವರ್ಷ ಶುದ್ಧ ಕುಡಿಯುವ ನೀರಿನ ಘಟಕ ಬಂತು. ಅದರ ಉದ್ಘಾಟನೆಗೆ ಜಿಲ್ಲೆಯಿಂದ ಹಿರಿಯ ಅಧಿಕಾರಿಗಳೊಬ್ಬರು ಬರುವುದೆಂದು ನಿಶ್ಚಯವಾಯಿತು. ಘಟಕವೇನೋ ಚೆಂದ, ನೀರೇನೋ ಸಿಹಿ. ಆದರೆ ಅದನ್ನು ಕಟ್ಟಿದ್ದು ಕಿರುಗಾಲುವೆಯ ಈ ದಂಡೆಗೆ, ಊರಿನ ಅರ್ಧ ಮನೆಗಳಿರುವುದು ಆ ದಂಡೆಗೆ. ನಡುವೆ ದಾಟಲು ಎಂದೋ ಮುರಿದುಬಿದ್ದ ಒಂದು ಸಿಮೆಂಟಿನ ಕರೆಂಟ್ ಕಂಬ ಅಡ್ಡ ಮಲಗಿದೆ. ಬೇರೆ ದಾರಿ ಬೇಕೆಂದರೆ ಗದ್ದೆಗಳನ್ನೆಲ್ಲ ಬಳಸಿ ದೊಡ್ಡ ರಸ್ತೆಯ ಸೇತುವೆಯವರೆಗೂ ಹೋಗಿ ಬರಬೇಕು. ನೀರು ಮನೆಗೆ ಬರುವುದರೊಳಗೆ ಹೊತ್ತವರೇ ಅರ್ಧ ಕುಡಿದಿರುತ್ತಾರೆ. ಉದ್ಘಾಟನೆಗೆ ಮುಂಚೆಯೇ, ಪರೀಕ್ಷೆಗೆಂದು ಬಿಟ್ಟ ನೀರು ತರಲು ಹೋದ ಸುಭಾನಬಿ ಆ ಕಂಬದ ಮೇಲಿಂದ ಜಾರಿ ಮುಂಗೈ ಮುರಿದುಕೊಂಡಳು. ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಕೂತಳು. ಅವಳ ಕ್ಯಾನು ಮಾತ್ರ ತೇಲಿಕೊಂಡು ಮುಂದಿನ ಊರಿಗೆ ಹೋಯಿತು.

ಆ ದಂಡೆಯ ಗ್ಯಾನಮ್ಮ ಸಾಮಾನ್ಯದ ಹೆಂಗಸಲ್ಲ. ದಿನಾ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮಾಡಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅದೇ ಕಂಬದ ಮೇಲೆ ದಾಟಿ ಬಂದು ಈ ಕಡೆಯ ಊರಿಗೆಲ್ಲ ನಾಷ್ಟಾ ಉಣಿಸುವಾಕೆ. ಉದ್ಘಾಟನೆಯ ಹಿಂದಿನ ದಿನ ನನ್ನ ಮುಂದೆ ಬುಟ್ಟಿ ಇಳಿಸಿ, “ಅಂಬಪ್ಪಣ್ಣ, ನೀ ಹೆಂಗೂ ಸ್ಟೇಜ್ ಏರಾಂವ ಇದ್ದಿ. ಆ ಕಂಬದ ಸುದ್ದಿ ಸಾಹೇಬ್ರ ಕಿವಿಗೆ ಹಾಕು. ಹಾಕಲಿಲ್ಲಂದ್ರ ನಾಳಿಂದ ನಿನಗ ಮಿರ್ಚಿ ಬಂದ್ ನೋಡು” ಎಂದಳು. ನನಗೆ ವಂದನಾರ್ಪಣೆ ವಹಿಸಿದ್ದರು. ವಂದನೆಯ ನಡುವೆ ಕಂಬವನ್ನು ನಾಜೂಕಾಗಿ ತೂರಿಸುವ ಕಲೆ ಈ ಮೂರು ತಾಲೂಕಿನಲ್ಲಿ ನನಗೊಬ್ಬನಿಗೇ ಗೊತ್ತು ಎಂದು ಭರವಸೆ ಕೊಟ್ಟೆ. ಮನೆಗೆ ಬಂದು ಬಿಳಿ ಅಂಗಿಗೆ ಇಸ್ತ್ರಿ ಹಾಕಿಸುತ್ತಿದ್ದರೆ ಪಾರ್ವತೆಮ್ಮ ನೋಡಿ, “ಗಣ್ಯರು ಮೊದಲು ಎಮ್ಮಿಗೆ ಹುಲ್ಲು ಹಾಕಿ ಬರ್ರಿ, ಆಮ್ಯಾಲ ಶಾಲು ಹೊಚ್ಚಿಸ್ಕೊಳ್ಳೀರಂತ” ಅಂದಳು. ತಮ್ಮನ್ನು ಅವಳು ಇಷ್ಟು ಸದರದಿಂದ ಬಳಸಿದ್ದಕ್ಕೆ ಅವಳ ಪರವಾಗಿ ಇಲ್ಲಿಯೇ ಕ್ಷಮೆ ಕೇಳುತ್ತೇನೆ.

ವೇದಿಕೆಯ ವ್ಯವಸ್ಥೆ ಜಿಲಾನಿಸಾಬನದು. ಶಾಮಿಯಾನ, ಕುರ್ಚಿ, ಹಲಗೆ ಬಾಡಿಗೆಗೆ ಕೊಡುವವನು ಅವನೇ. ನಮ್ಮ ಕಡೆಯ ಪದ್ಧತಿಯಂತೆ ಟ್ರ್ಯಾಕ್ಟರಿನ ಎರಡು ಟ್ರ್ಯಾಲಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ಮೇಲೆ ದಪ್ಪ ಹಲಗೆ ಹಾಸಿ, ಹಲಗೆಯ ಮೇಲೆ ಕೆಂಪು ಜಮಖಾನ ಹರಡಿದ. ಫೋಟೊದಲ್ಲಿ ಟ್ರ್ಯಾಕ್ಟರ್ ಕಂಡರೆ ಗಣ್ಯರ ಘನತೆಗೆ ಕುಂದು ಎಂದು ಟ್ರ್ಯಾಕ್ಟರುಗಳನ್ನು ಬಿಚ್ಚಿ ದೂರ ಕಳಿಸಿ, ಟ್ರ್ಯಾಲಿಗಳ ಮೂತಿಯ ಕೆಳಗೆ ಕಲ್ಲು ಕೊಟ್ಟ. ಹಿಂದೆ ಕಾಲುವೆ, ಕಂಬ, ಕೆಸರು ಯಾವುದೂ ಕಾಣದಂತೆ ಆಳೆತ್ತರದ ಫ್ಲೆಕ್ಸು ಕಟ್ಟಿದ. ಅದರ ಮೇಲೆ ತಾವು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿದ್ದಿರಿ. ವೇದಿಕೆಯಲ್ಲಿ ದೇವರ ಫೋಟೊ, ದೀಪ ಇದ್ದುದರಿಂದ ಏರುವವರು ಚಪ್ಪಲಿ ಕೆಳಗೆ ಬಿಡಬೇಕೆಂದು ಕಟ್ಟಪ್ಪಣೆಯಾಯಿತು.

ನಿರೂಪಣೆಗೆ ಮಸ್ಕಿಯಿಂದ ವಿರೇಶ ಬಂದಿದ್ದ. ಅವನ ಕಂಠ ಸಕ್ಕರೆ, ಅವನ ಭಯ ಮಾತ್ರ ಒಂದೇ: ಹೆಸರು ಬಿಟ್ಟುಹೋಗುವುದು. ಹಿಂದೆ ಎಲ್ಲಿಯೋ ಒಬ್ಬ ಹಿರಿಯರ ಹೆಸರು ಕರೆಯದೆ ಬಿಟ್ಟಿದ್ದಕ್ಕೆ ಅವರು ಸಿಟ್ಟಾಗಿ, ತಮ್ಮ ಮನೆಯಿಂದ ಎಳೆದಿದ್ದ ಕರೆಂಟಿನ ವೈರು ಕಿತ್ತುಕೊಂಡು ಹೋಗಿ, ಇಡೀ ಸಭೆ ಮೂಕವಾಗಿತ್ತಂತೆ. ಅಂದಿನಿಂದ ಅವನು ಯಾರ ಹೆಸರನ್ನೂ ಬಿಡದ ಒಂದು ಉಪಾಯ ಕಂಡುಕೊಂಡಿದ್ದಾನೆ. ಯಾರ ಹೆಸರನ್ನೂ ಕರೆಯುವುದೇ ಇಲ್ಲ. ಸಾಹೇಬರು ಬಂದು ಕೂತರು, ದೀಪ ಹಚ್ಚಿದರು, ವಿರೇಶ ಮೈಕು ಹಿಡಿದು, “ಊರಿನ ಸಮಸ್ತ ಗಣ್ಯರು ಯಾರೂ ಸಂಕೋಚಪಡದೆ ವೇದಿಕೆಯನ್ನು ಅಲಂಕರಿಸಬೇಕು” ಎಂದ.

ಮಾನ್ಯರೇ, ತಾವೇ ಹೇಳಿ, ಇದರಲ್ಲಿ ನಮ್ಮ ಜನರ ತಪ್ಪೇನು? ಪಂಚಾಯಿತಿಯ ಹಾಲಿ ಸದಸ್ಯ ಏರಿದ. ಮಾಜಿ ಸದಸ್ಯ ಸುಮ್ಮನೆ ಕೂರುತ್ತಾನೆಯೇ, ಅವನೂ ಏರಿದ. ಚುನಾವಣೆಯಲ್ಲಿ ಸೋತವನು, ಗೆದ್ದವನಿಗಿಂತ ತನ್ನ ಫ್ಲೆಕ್ಸೇ ದೊಡ್ಡದಿತ್ತೆಂದು ಏರಿದ. ಟ್ರ್ಯಾಲಿ ಕೊಟ್ಟವನು ತನ್ನ ಟ್ರ್ಯಾಲಿ ತಾನು ಏರಲು ಯಾರ ಅಪ್ಪಣೆ ಬೇಕೆಂದು ಏರಿದ. ಹಾರ ತಂದವನು, ಹಾರ ತರಲು ಬೈಕು ಕೊಟ್ಟವನು, ಬೈಕಿಗೆ ಗಾಳಿ ಹಾಕಿದವನು, ಒಬ್ಬರ ಹಿಂದೆ ಒಬ್ಬರು ಏರಿದರು. ಮಹಿಳಾ ಸಂಘದವರು ಒಂದೇ ಬಣ್ಣದ ಸೀರೆಯಲ್ಲಿ ಸಾಲುಗಟ್ಟಿ ಏರಿದರು. ನಾನಂತೂ ಮೊದಲೇ ಏರಿ ಮುಂದಿನ ಸಾಲಿನ ಬಟ್ಟೆ ತೊಟ್ಟ ಕುರ್ಚಿ ಹಿಡಿದಿದ್ದೆ. ಹಿಂದಿನ ದಿನ ನನ್ನನ್ನು ಎಮ್ಮೆಯ ಕಡೆಗೆ ಅಟ್ಟಿದ್ದ ಪಾರ್ವತೆಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬಂದು, “ಗಣ್ಯರ ಹೇಣ್ತಿ ಕೆಳಗ್ಯಾಕ ಕುಂದ್ರಬೇಕ್ರೀ? ಸರೀರಿ ಅತ್ತಾಗ” ಎಂದು ಅದೇ ಕುರ್ಚಿಯ ಅರ್ಧ ಆಕ್ರಮಿಸಿದಳು.

ಎಲ್ಲರೂ ಏರಿ ನೆಲೆಯಾದ ಮೇಲೆ ನೋಡಿದರೆ ಕೆಳಗೆ ಖಾಲಿ ಕುರ್ಚಿಗಳ ಗದ್ದೆ. ಅದರ ಮುಂದೆ ಚಪ್ಪಲಿಗಳ ರಾಶಿ. ರಾಶಿಯ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಗ್ಯಾನಮ್ಮ ಒಬ್ಬಳೇ. ವಿರೇಶನಿಗೆ ಗಾಬರಿಯಾಯಿತು. ಮೈಕು ಬಾಯಿಗಿದೆ ಎಂಬುದನ್ನೂ ಮರೆತು, “ಯಮ್ಮಾ, ನೀನೂ ಬಂದಬಿಡಬೇ, ಒಬ್ಬಾಕಿನ ಕುಂತಿ” ಎಂದ.

“ನಾನೂ ಬಂದ್ರ ನಿಮ್ಮನ್ನ ನೋಡೋರ್ಯಾರೋ ತಮ್ಮಾ? ಚಪ್ಪಾಳಿ ಹೊಡ್ಯಾಕ ಒಬ್ಬರರ ಕೆಳಗ ಇರಬೇಕಲ್ಲ. ಮತ್ತ ಈ ಚಪ್ಪಲಿ ಕಾಯೋರ್ಯಾರು?” ಎಂದಳು ಗ್ಯಾನಮ್ಮ.

ಭಾಷಣಗಳು ಶುರುವಾದವು. ಬಲ್ಲವರಾದ ತಮಗೆ ನಾನು ವಿವರಿಸಬೇಕಾಗಿಲ್ಲ: ಮಾತಾಡುವವನು ವೇದಿಕೆಯ ಮೇಲಿರುವ ಪ್ರತಿಯೊಬ್ಬರನ್ನೂ ಹೆಸರು ಹಿಡಿದು, ಹಿಂದೊಂದು ಮುಂದೊಂದು ಬಿರುದು ಹಚ್ಚಿ, ನಮಸ್ಕರಿಸಿಯೇ ವಿಷಯಕ್ಕೆ ಬರಬೇಕು. ವೇದಿಕೆಯ ಮೇಲೆ ಊರಿಗೆ ಊರೇ ಇದ್ದಾಗ ವಿಷಯ ಎಲ್ಲಿಂದ ಬರಬೇಕು? ಮೊದಲನೆಯವರು ಅಧ್ಯಕ್ಷರಿಂದ ಶುರುಮಾಡಿ ಬೈಕಿಗೆ ಗಾಳಿ ಹಾಕಿದವನವರೆಗೆ ಬಂದು, ಉಸಿರು ಕಟ್ಟಿ, “ಜೈ ಕರ್ನಾಟಕ” ಎಂದು ಕೂತರು. ಎರಡನೆಯವರೂ ಹಾಗೆಯೇ. ಮೂರನೆಯವರು ನನ್ನನ್ನು ‘ಕಾಲುವೆ ಭಾಗದ ಧೀಮಂತ’ ಎಂದು ಕರೆದರು. ಆ ಒಂದು ಭಾಷಣ ಮಾತ್ರ ತೂಕದ್ದಾಗಿತ್ತು. ಬಿಸಿಲು ಇಳಿಯಿತು, ನೀರಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಅದನ್ನು ಕಂಡ ವಿರೇಶ ವಂದನಾರ್ಪಣೆಯನ್ನೇ ರದ್ದುಮಾಡಿ, ನೇರವಾಗಿ ಸಾಹೇಬರ ಕೈಗೆ ಮೈಕು ಕೊಟ್ಟುಬಿಟ್ಟ. ನನ್ನ ವಂದನೆಯ ಜೊತೆಗೆ ಅದರೊಳಗೆ ತೂರಿಸಬೇಕಾಗಿದ್ದ ಕಂಬವೂ ಹೋಯಿತು. ಕೆಳಗೆ ಗ್ಯಾನಮ್ಮ ನನ್ನನ್ನೇ ನೋಡುತ್ತಿದ್ದಳು. ಮಿರ್ಚಿಯ ಆಸೆ ಬಿಟ್ಟೆ.

ಸಾಹೇಬರು ಎದ್ದು, ರೂಢಿಯಂತೆ ಕಣ್ಣು ಮುಚ್ಚಿಕೊಂಡೇ, “ಮುಂದೆ ಆಸೀನರಾಗಿರುವ ಮಹಾಜನಗಳೇ” ಎಂದರು.

“ಹೇಳ್ರೀ ಸಾಹೇಬ್ರ, ಕೇಳಾಕತ್ತೀನಿ” ಎಂದಿತು ಮಹಾಜನ.

ಸಾಹೇಬರು ಕಣ್ಣು ತೆರೆದರು. ಆದರೂ ಬಾಯಿಗೆ ರೂಢಿಯಾದ ಮಾತು ತಡೆಯಲಾಗುತ್ತದೆಯೇ? “ಸಾರ್ವಜನಿಕರು ತಮ್ಮ ಅಹವಾಲುಗಳನ್ನು ಮುಕ್ತವಾಗಿ ತಿಳಿಸಬಹುದು” ಎಂದುಬಿಟ್ಟರು. ಸಾರ್ವಜನಿಕರು ಮೊಣಕಾಲು ಹಿಡಿದುಕೊಂಡು ಎದ್ದು ನಿಂತರು.

“ಸಾಹೇಬ್ರ, ಸದ್ಯಕ್ಕ ಸಾರ್ವಜನಿಕರು ಅಂದ್ರ ನಾ ಒಬ್ಬಾಕಿನ ಅದೀನಿ. ನೀರಿನ ಮಷೀನು ಚಲೋ ಐತಿ, ನಿಮಗ ಪುಣ್ಯ ಬರ್ಲಿ. ಆದರ ಅದು ಈ ದಂಡಿಗೆ, ನಾವು ಆ ದಂಡಿಗೆ, ನಡಕ ಒಂದು ಮುರದ ಕಂಬ. ತುಂಬಿದ ಕ್ಯಾನ್ ಹೊತ್ಕೊಂಡು ಅದರ ಮ್ಯಾಲ ಬರೋದಂದ್ರ ಸರ್ಕಸ್ ಆಗೇತಿ. ನಮ್ಮ ಸುಭಾನಬಿ ಕೈ ಮುರಕೊಂಡು ಮನ್ಯಾಗ ಕುಂತಾಳ. ನೀರು ಶುದ್ಧ ಆತು, ದಾರಿ ಯಾವಾಗ ಆಗತೈತಿ?”

“ಸ್ಥಳ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು” ಎಂದರು ಸಾಹೇಬರು.

“ಸ್ಥಳ ಎಲ್ಲಿಗೂ ಹೋಗಿಲ್ರೀ. ನಿಮ್ಮ ಬೆನ್ನ ಹಿಂದ ಐತಿ. ಆ ಫ್ಲೆಕ್ಸ್ ಒಂಚೂರು ಸರಿಸಿ ನೋಡ್ರಿ.”

ಸಾಹೇಬರು ಹಿಂದೆ ತಿರುಗಿ, ಫ್ಲೆಕ್ಸಿನತ್ತ ನಡೆದರು. ಸಾಹೇಬರು ನೋಡುವಾಗ ತಾನು ನೋಡದಿದ್ದರೆ ಗಣ್ಯತನಕ್ಕೆ ಕುಂದೆಂದು ಇಡೀ ವೇದಿಕೆ ಅವರ ಹಿಂದೆ ನಡೆಯಿತು. ಮಾನ್ಯರೇ, ಎರಡೇ ಗಾಲಿಯ ಟ್ರ್ಯಾಲಿಗೆ ಗಣ್ಯರು ಯಾರು, ನಗಣ್ಯರು ಯಾರು ಎಂಬುದು ತಿಳಿಯುವುದಿಲ್ಲ. ಭಾರ ಯಾವ ಕಡೆಗಿದೆ ಎಂಬುದು ಮಾತ್ರ ತಿಳಿಯುತ್ತದೆ. ಊರಿನ ಸಮಸ್ತ ಘನತೆ ಹಿಂಬದಿಗೆ ಸೇರಿದ್ದೇ ತಡ, ಟ್ರ್ಯಾಲಿಗಳ ಮೂತಿಗಳು ಕಲ್ಲು ಬಿಟ್ಟು ಮೆಲ್ಲಗೆ ಆಕಾಶಕ್ಕೆ ಎದ್ದವು. ನಾವೆಲ್ಲ ಕೆಂಪು ಜಮಖಾನದ ಮೇಲೆ, ಕುರ್ಚಿಗಳ ಸಮೇತ, ಕೈಮುಗಿದುಕೊಂಡೇ, ತಮ್ಮ ಬಂಗಾರದ ಅಕ್ಷರಗಳನ್ನು ಹರಿದುಕೊಂಡು ಹಿಂದಕ್ಕೆ ಜಾರಿ ಕಾಲುವೆಯ ದಂಡೆಯ ಕೆಸರಿಗೆ ಇಳಿದೆವು. ಯಾರಿಗೂ ಪೆಟ್ಟಾಗಲಿಲ್ಲ. ಕೆಸರು ಮೆತ್ತಗಿತ್ತು. ನನ್ನ ಮಡಿಲಲ್ಲಿ ಪಾರ್ವತೆಮ್ಮ, ಅವಳ ಮಡಿಲಲ್ಲಿ ಹಾಲಿ ಸದಸ್ಯನ ಪೇಟ. ವೇದಿಕೆಯ ಆಚೆಯಿಂದ ಗ್ಯಾನಮ್ಮ ತಾನು ಕೊಟ್ಟ ಮಾತಿನಂತೆ ಚಪ್ಪಾಳೆ ತಟ್ಟಿದಳು.

ಎಲ್ಲರೂ ಬರಿಗಾಲಲ್ಲಿದ್ದೆವು. ಜಾಲಿಮುಳ್ಳಿನ ಜಾಗ. “ಏ ಗ್ಯಾನಮ್ಮಾ, ಚಪ್ಪಲಿ ಈ ಕಡೆ ಒಗಿ” ಎಂದು ನಾನು ಕೂಗಿದೆ. “ಒಗೀತೀನಿ, ತಡಿಯಣ್ಣ” ಎಂದು ಅವಳು ಬುಟ್ಟಿಯನ್ನು ರಾಶಿಯ ಮೇಲೆ ಬೋರಲಾಗಿಟ್ಟು ಅದರ ಮೇಲೆ ಕೈಯೂರಿದಳು. “ಹೆಂಗೂ ಬರಿಗಾಲಾಗ ಅದೀರಿ. ನಾವೂ ಬರಿಗಾಲಾಗ ದಾಟತೀವಿ. ಒಂದ್ಸಲ ಆ ಕಂಬ ದಾಟಿ ತೋರಸ್ರಿ, ಚಪ್ಪಲಿ ನಾನ ತಂದು ಕಾಲಿಗೆ ಹಾಕ್ತೀನಿ.”

ಊರಿನ ಮರ್ಯಾದೆಯ ಪ್ರಶ್ನೆ ಬಂದಾಗ ನಾನು ಹಿಂದೆ ಸರಿದವನಲ್ಲ. ಖಾಲಿ ಕ್ಯಾನು ಹೆಗಲಿಗೇರಿಸಿ ಎಲ್ಲರಿಗಿಂತ ಮೊದಲು ಕಂಬ ಹತ್ತಿದೆ, ನಡುಮಧ್ಯದ ತನಕ ಧೀಮಂತವಾಗಿ ನಡೆದೆ, ಅಲ್ಲಿಂದ ಮುಂದೆ ಹೋಗುವ ಅಗತ್ಯ ಕಾಣದ್ದರಿಂದ ಕೈಕಾಲು ನಾಲ್ಕೂ ಊರಿಕೊಂಡು ಗೌರವಪೂರ್ವಕವಾಗಿ ಹಿಂದಿರುಗಿದೆ. ಆಮೇಲೆ ಸಾಹೇಬರು ಪ್ಯಾಂಟು ಮಡಚಿದರು. ಅವರ ಬಗ್ಗೆ ಒಂದೂ ಕೆಟ್ಟ ಮಾತು ಬರೆಯಲಾರೆ. ಬೇರೆ ಯಾರಾದರೂ ಆಗಿದ್ದರೆ ಕಾರು ಹತ್ತುತ್ತಿದ್ದರು. ಅವರು ಕಂಬದ ಮೇಲೆ ಎರಡು ಹೆಜ್ಜೆ ಇಟ್ಟು, ಕಂಬ ಹೊರಳಿದಂತಾಗಿ, ಕುದುರೆ ಏರಿದವರ ಹಾಗೆ ಕಾಲು ಇಬ್ಬದಿಗೆ ಬಿಟ್ಟು ಕೂತುಬಿಟ್ಟರು. ಸ್ವಲ್ಪ ಹೊತ್ತು ಕೆಳಗಿನ ನೀರನ್ನೇ ನೋಡಿದರು. ಮೈಕಿಲ್ಲದೆ, ಯಾರನ್ನೂ ಸಂಬೋಧಿಸದೆ, “ಇದು ಆಗುವುದಿಲ್ಲ” ಎಂದರು. ಅಂದಿನ ಎಲ್ಲ ಭಾಷಣಗಳಲ್ಲಿ ಅದು ಚಿಕ್ಕದು.

ಸೇತುವೆ ಮಂಜೂರು ಮಾಡಿಸುತ್ತೇನೆ, ಅದಾಗುವ ತನಕ ವೇದಿಕೆಯ ಹಲಗೆಗಳನ್ನೇ ಇಲ್ಲಿ ಹಾಸಿ ಎಂದು ಅಲ್ಲೇ ಹೇಳಿದರು. ಜಿಲಾನಿಸಾಬನ ಮುಖ ಸಪ್ಪಗಾಯಿತು. “ಸಾಹೇಬ್ರ, ನಾಡಿದ್ದು ಮಸ್ಕ್ಯಾಗ ನನ್ನ ಹಲಗಿಗೆ ಮದುವಿ ಐತ್ರೀ” ಎಂದ.

“ಮದುವೆ ನೆಲದ ಮೇಲೂ ಆಗುತ್ತದೆ ಜಿಲಾನಿಸಾಬ್. ನೀರು ಹೊರುವುದು ಗಾಳಿಯ ಮೇಲೆ ಆಗುವುದಿಲ್ಲ.”

ಜಿಲಾನಿಸಾಬ ತಾನೇ ಕೆಸರಿಗಿಳಿದು, ಕಂಬದ ಪಕ್ಕಕ್ಕೆ ಶಾಮಿಯಾನದ ಕಬ್ಬಿಣದ ಪೈಪುಗಳನ್ನು ಜೋಡಿಸಿ, ಮೇಲೆ ಹಲಗೆ ಅಡ್ಡ ಹಾಸಿ, ಹಗ್ಗ ಬಿಗಿದ. ಬಿಗಿಯುವಾಗ ಹಗ್ಗದ ಇನ್ನೊಂದು ತುದಿ ಹಿಡಿದವರಲ್ಲಿ ಹಾಲಿ, ಮಾಜಿ, ಸೋತವ ಮೂವರೂ ಇದ್ದರು. ನಾನು ಮೇಲ್ವಿಚಾರಣೆ ವಹಿಸಿದ್ದೆ.

ಮರುದಿನ ಪೇಪರಿನಲ್ಲಿ ‘ಸಮಾರಂಭದಲ್ಲಿ ಊರಿನ ಗಣ್ಯರು ಭಾಗವಹಿಸಿದ್ದರು’ ಎಂದಷ್ಟೇ ಬಂತು. ಮತ್ತಿತರರು ಎಂಬ ಮಾತೇ ಇರಲಿಲ್ಲ. ಓದುತ್ತಿದ್ದಂತೆ ಕಣ್ಣು ತುಂಬಿ ಬಂತು. ಕಡೆಗೂ ನಾನು ಆ ಬಡ ತಮ್ಮನ ಮನೆ ಖಾಲಿ ಮಾಡಿ ತಮ್ಮ ಅರಮನೆಗೆ ಬಂದೆ ಎಂದುಕೊಂಡೆ. ಆ ಪೇಪರು ಹಿಡಿದು ಕಾಲುವೆಯ ಕಡೆಗೆ ಹೋದೆ. ಆ ದಂಡೆಯವರಿಗೂ ತೋರಿಸಿ ಬರೋಣವೆಂದು ಹಲಗೆಯ ನಡುವೆ ಬಂದಿದ್ದೆ. ಎದುರಿನಿಂದ ನೀರು ತುಂಬಿಸಿಕೊಳ್ಳಲೆಂದು ಖಾಲಿ ಕ್ಯಾನು ಹೊತ್ತ ಹೆಂಗಸರ ಸಾಲು ಬಂತು. 

ಮುಂದೆ ಗ್ಯಾನಮ್ಮ. ಅವಳ ಹಿಂದೆ ಪಟ್ಟಿ ಕಟ್ಟಿದ ಕೈಯನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಸಣ್ಣ ಕೊಡ ಹಿಡಿದ ಸುಭಾನಬಿ. ನನ್ನನ್ನು ಕಂಡು ಗ್ಯಾನಮ್ಮ ನಿಲ್ಲಲಿಲ್ಲ. ವಿರೇಶನ ಸಕ್ಕರೆ ಕಂಠವನ್ನೇ ಅಣಕಿಸುತ್ತ, “ಸರೀರಿ ಸರೀರಿ, ಗಣ್ಯರು ಬರಾಕತ್ತಾರ!” ಎಂದು ಕೂಗಿದಳು. ಸುಭಾನಬಿ ಕೈ ಮುರಿದ ಮೇಲೆ ಮೊದಲ ಸಲ ನಕ್ಕಳು. ನಾನು ಹಿಂದೆ ಹಿಂದೆ ನಡೆದು, ಇಳಿದು, ಹೊಸದಾಗಿ ಇಸ್ತ್ರಿ ಹಾಕಿಸಿದ ಅಂಗಿಯ ಸಮೇತ ಕೆಸರಿನಲ್ಲಿ ನಿಂತು ದಾರಿ ಬಿಟ್ಟೆ.

ಇದೇ ನನ್ನ ದೂರಿನ ತಿರುಳು. ಅಂದಿನಿಂದ ಆ ಹಲಗೆಯ ಮೇಲೆ ಕ್ಯಾನು ಹೊತ್ತು ಯಾರೇ ಬಂದರೂ ಕೂಗುವುದು ತಮ್ಮ ಹೆಸರನ್ನೇ. ಹಾಲಿ ಸರಿಯುತ್ತಾನೆ, ಮಾಜಿ ಸರಿಯುತ್ತಾನೆ, ಮೊನ್ನೆ ಪಾರ್ವತೆಮ್ಮ ನೀರು ಹೊತ್ತ ಗೆಳತಿಯರ ಜೊತೆ ಬರುತ್ತ ನನ್ನನ್ನೇ ಸರಿಸಿದಳು. ಇತ್ತ ಜಿಲಾನಿಸಾಬನ ಹಲಗೆಗಳಿಲ್ಲದೆ ನಮ್ಮ ಭಾಗದ ಸಭೆಗಳೆಲ್ಲ ನೆಲದ ಮೇಲೆ ನಡೆಯುತ್ತಿವೆ. ಗಣ್ಯರು ಯಾರು, ಚಹಾ ಕೊಡುವವರು ಯಾರು ಎಂದು ಫೋಟೊ ನೋಡಿದರೂ ಗೊತ್ತಾಗುತ್ತಿಲ್ಲ. ಮಸ್ಕಿಯ ಮದುವೆ ನೆಲದ ಮೇಲೇ ಆಯಿತು. ಗಂಡು ಹೆಣ್ಣು ಸುಖವಾಗಿದ್ದಾರಂತೆ. ಅದೂ ಒಂದು ಸಂಕಟ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ಸಣ್ಣ ಬೇಡಿಕೆಗಳಿವೆ. ತಾವು ದಯಮಾಡಿ ಆ ಹಲಗೆಯಿಂದ ಇಳಿದು ಮೊದಲಿನ ಹಾಗೆ ಆಮಂತ್ರಣ ಪತ್ರಿಕೆಗೆ ವಾಪಸಾಗಬೇಕು. ಅದಾಗದಿದ್ದರೆ ನಸುಕಿನಲ್ಲಿ, ನೀರು ತರುವವರು ಏಳುವ ಮುಂಚೆ ಒಂದು ಗಳಿಗೆ ನನ್ನ ಹೆಸರಿನ ಹಿಂದೆ ಬಂದು ನಿಂತು ಹೋಗಬೇಕು. ನಾನೊಬ್ಬನೇ ಕೂಗಿ ಕೇಳಿಸಿಕೊಳ್ಳುತ್ತೇನೆ, ಯಾರಿಗೂ ಹೇಳುವುದಿಲ್ಲ. ಅದೂ ಸಾಧ್ಯವಿಲ್ಲವೆಂದರೆ, ಭಾರ ಹೊತ್ತು ಬರುವವರಿಗೇ ತಾವು ಸಲ್ಲಬೇಕೆಂದು ನಿಘಂಟಿನಲ್ಲಿ ತಿದ್ದಿ ಬರೆಸಿ, ನನ್ನ ಹೆಗಲಿಗೆ ಹೊಂದುವ ಒಂದು ಹಗುರವಾದ ಕ್ಯಾನು ಕಳಿಸಿಕೊಡಬೇಕು. ತುಂಬಿದ್ದು ಬೇಡ. ನೋಡುವವರಿಗೆ ತುಂಬಿದಂತೆ ಕಂಡರೆ ಸಾಕು.

ತಮ್ಮ ವಿಶ್ವಾಸಿ,
ಮತ್ತಿತರರ ಪೈಕಿ ಮೊದಲನೆಯವನಾದ
ಅಂಬಪ್ಪ

ತಾ.ಕ.: ಶುಭಸುದ್ದಿ ಒಂದಿದೆ. ಕಾಲುವೆಗೆ ಖರೇ ಸೇತುವೆ ಮಂಜೂರಾಗಿದೆ, ಸಾಹೇಬರು ಮಾತು ಉಳಿಸಿಕೊಂಡಿದ್ದಾರೆ. ಆದರೆ ಶಂಕುಸ್ಥಾಪನೆಗೆ ವೇದಿಕೆ ಬೇಕು, ವೇದಿಕೆಗೆ ಹಲಗೆ ಬೇಕು, ಹಲಗೆ ಕೇಳಲು ಹೋದ ಹಾಲಿ ಸದಸ್ಯನಿಗೆ ಗ್ಯಾನಮ್ಮ, “ಮೊದಲು ಬ್ರಿಜ್ ಕಟ್ಟಿ ಮುಗಸ್ರಿ, ಆಮ್ಯಾಲ ಹಲಗಿ ಒಯ್ದು ಅದರ ಮ್ಯಾಲ ನಿಂತು ಕಲ್ಲು ಇಡ್ರಿ” ಎಂದು ಹೇಳಿ ಕಳಿಸಿದ್ದಾಳೆ. ಕೆಲಸಗಾರರು ಅವಳ ಮಾತನ್ನೇ ಹಿಡಿದು, ಯಾರ ಭಾಷಣಕ್ಕೂ ಕಾಯದೆ ಸೋಮವಾರದಿಂದ ಗುಂಡಿ ತೋಡುತ್ತಿದ್ದಾರೆ. ತಾವು ನೋಡಲು ಬರುವುದಾದರೆ ಬರಿಗಾಲಲ್ಲೇ ಬನ್ನಿ. ಚಪ್ಪಲಿ ತಂದರೆ ಅವು ಯಾರ ಬುಟ್ಟಿಯ ಕೆಳಗೆ ಸೇರುತ್ತವೆ ಎಂಬುದು ತಮಗೆ ಈಗ ಗೊತ್ತಿದೆ. ನನಗೆ ಮಿರ್ಚಿ ಇನ್ನೂ ಬಂದ್.